ಬಾಗಿಲಾಚೆಯ ದನಿ

ಕ್ಯಾಸೆಟ್ಟಿನ ಹಳೆಯ ಡಬ್ಬಿ ತೆರೆದರೆ ಈಗಲೂ ಹೇವರ್ಡಿನ ಆ ಅಪಾರ್ಟ್‌ಮೆಂಟಿನ ವಾಸನೆ ಬರುತ್ತದೆ: ಬಿಸಿಯಾದ ರೆಕಾರ್ಡ್ ಪ್ಲೇಯರಿನ ಧೂಳು, ಅಪ್ಪನ ಅಂಗಿಗೆ ಹತ್ತಿದ ಹೋಟೆಲಿನ ದೋಸೆ ಎಣ್ಣೆ. ನಿಮ್ಮಲ್ಲೂ ಅಂಥದೊಂದು ಡಬ್ಬಿ ಇರಬಹುದು. ಆ ಮನೆಯವರಲ್ಲಿ ಉಳಿದವನು ನಾನೊಬ್ಬನೇ. ಉಡುಪಿಯಲ್ಲಿ ಐದನೆಯ ತರಗತಿ, ಇಲ್ಲಿ ಪರದೇಶದಲ್ಲಿ ಅರ್ಧ ಹೈಸ್ಕೂಲು, ಆಮೇಲೆ ಅಪ್ಪನ ಜೊತೆ ಹೋಟೆಲಿನ ಒಲೆ; ನನ್ನ ಓದು ಅಷ್ಟೇ.

ಕೆಳಗಿನ ಮನೆಯ ಮುದುಕ ಅರ್ಲ್ ಹರೆಯದಲ್ಲಿ ಡೂ-ವಾಪ್ ಹಾಡಿದವನು. ನಾಲ್ಕೈದು ಹುಡುಗರು ಬೀದಿ ಮೂಲೆಯಲ್ಲಿ ನಿಂತು, ವಾದ್ಯದ ಬದಲು ಬಾಯಲ್ಲೇ ಡೂ ಡೂ ಎನ್ನುತ್ತಾ ಹಾಡುವ ಹಾಡು ಅದು. ಅವನು ಕೊಟ್ಟ ರೆಕಾರ್ಡುಗಳ ಮೇಲೆಲ್ಲ ಹುಡುಗಿಯರ ಹೆಸರು: ವರ್ನೆಟ್ಟಾ, ಓ ಕ್ಲಾರಿಬೆಲ್. "ಇಷ್ಟು ಜನರಲ್ಲಿ ಒಬ್ಬಳಾದ್ರೂ ಇವರನ್ನು ಮದುವೆ ಆದಳಾ ಮಾರಾಯ?" ಎಂದು ಅಮ್ಮ ಕೇಳುತ್ತಿದ್ದಳು. ಒಂದರಲ್ಲಿ ನಡುವೆ ಯಾರೋ ಕೆಮ್ಮುತ್ತಾರೆ. ಇನ್ನೊಂದರಲ್ಲಿ ಒಬ್ಬನ ದನಿ ಪಕ್ಕದ ಕೋಣೆಯಿಂದ ಬಂದಂತಿದೆ. ಇದ್ದದ್ದು ಒಂದೇ ಮೈಕು, ದೊಡ್ಡ ದನಿಯವನನ್ನು ಹೊರಗೆ ನಿಲ್ಲಿಸುತ್ತಿದ್ದರು ಎಂದು ಅರ್ಲ್ ಹೇಳಿದ್ದ.

ಆ ಮಾತು ನನ್ನ ಉಪಯೋಗಕ್ಕೆ ಬಂತು. ತಂಗಿ ವಿದ್ಯಾಳಿಗೆ ಆಗ ಒಂಬತ್ತು. ನಮ್ಮದೇ ಹಾಡು ಕಟ್ಟಿ ಟೇಪ್ ಮಾಡಲು ಕೂತಾಗ, "ನಿನ್ನ ಗಂಟಲು ಭಾರೀ ದೊಡ್ಡದು ಮಾರಾಯ್ತಿ, ಹೊರಗೆ ನಿಂತು ಹಾಡು" ಎಂದೆ.

"ಹಾಗಾದ್ರೆ ಹಾಡಿಗೆ ನನ್ನ ಹೆಸರಿಡು."

"ನಿನ್ನ ಹೆಸರಿನ ಹಾಡು ಯಾರು ಕೇಳ್ತಾರೆ, ಹೋಗೇ!"

ಅವಳು ಹೋದಳು. ನಾನು ಬಾಗಿಲನ್ನೂ ಹಾಕಿದೆ. ಅವಳ ಗಂಟಲು ದೊಡ್ಡದಿರಲಿಲ್ಲ. ನನ್ನದಕ್ಕಿಂತ ಚೆನ್ನಾಗಿತ್ತು, ಅಷ್ಟೇ.

ಆಮೇಲೆ ಶಾಲೆಯ ಹಾಡಿನ ತಂಡಕ್ಕೆ ಕರೆದರೂ ಅವಳು ಹೋಗಲಿಲ್ಲ. ಮಗಳನ್ನು ಮಲಗಿಸುವಾಗಲೂ ಹಾಡಿದವಳಲ್ಲ. ಕಳೆದ ವರ್ಷ ವಾಲ್ನಟ್ ಕ್ರೀಕಿನ ಆಸ್ಪತ್ರೆಯಲ್ಲಿ ಅವಳು ಮಲಗಿದ್ದ ಮಂಚದ ಪಕ್ಕ ಕೂತು ಆ ಮಗಳು, "ಅಮ್ಮಾ, ಸಿಂಗ್ ಸಮ್‌ಥಿಂಗ್" ಎಂದಾಗ ವಿದ್ಯಾ ನನ್ನತ್ತ ನೋಡಿ ನಕ್ಕಳು. "ಬೇಡಪ್ಪ, ನರ್ಸು ಓಡಿ ಬಂದಾಳು. ನನ್ನ ಗಂಟಲು ಎಂಥದ್ದೂಂತ ಮಾವನನ್ನೇ ಕೇಳು." ನಾನೂ ನಕ್ಕುಬಿಟ್ಟೆ. ವಿದ್ಯಾ ಆಮೇಲೆ ನಾಲ್ಕೇ ದಿನ ಬದುಕಿದ್ದಳು. ದಿನವೂ ಹೋದೆ, ಹಣ್ಣು ಸುಲಿದು ಕೊಟ್ಟೆ, ನಿಜ ಹೇಳಲಿಲ್ಲ.

ಕ್ಯಾಸೆಟ್ಟಿನಲ್ಲಿ ನನ್ನ ಒಡಕು ದನಿ ಕಿವಿಯ ಪಕ್ಕದಲ್ಲೇ ಇದೆ. ಅವಳದು ಎಲ್ಲೋ ದೂರ. ಎಷ್ಟು ವಾಲ್ಯೂಮ್ ಏರಿಸಿದರೂ ನನ್ನದೇ ಅಬ್ಬರಿಸುತ್ತದೆ. ಹಾಡು ಮುಗಿದ ಮೇಲೆ ಬಾಗಿಲು ಬಡಿದ ಸದ್ದು. "ಅಣ್ಣಾ, ಆಯ್ತಾ? ಒಳಗೆ ಬರ್ಲಾ?" ಅಲ್ಲಿಗೆ ನಾನು ಗುಂಡಿ ಒತ್ತಿ ನಿಲ್ಲಿಸಿದ್ದೇನೆ.