ಹೇಮಿ ಒಬ್ಬರೇ ಇರಲಿಲ್ಲ

೨೦೦೮ರ ಚಳಿಗಾಲ. ಮಧ್ಯ ನ್ಯೂಜೆರ್ಸಿಯ ಒಂದು ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ನಾನು ರಾತ್ರಿ ಪಾಳಿಯ ಮುಖ್ಯ ನರ್ಸ್. ಬ್ಯಾಂಕುಗಳು ಮುಳುಗುತ್ತಿದ್ದವು. ಅದರ ಬಿಸಿ ನಮಗೂ ತಟ್ಟಿ, ವಾರ್ಡಿನ ಎಷ್ಟೋ ಜನರನ್ನು ಲೇಆಫ್ ಮಾಡಿದ್ದರು. ಉಳಿದವರ ಮುಖದಲ್ಲೂ ಕಳೆ ಇರಲಿಲ್ಲ.

ನಮ್ಮ ವಾರ್ಡಿನ ರೋಗಿ ಹೇಮಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನಾಂಗದವರು. ಮ್ಯಾನ್‌ಹ್ಯಾಟನ್ನಿನ ಕೆಲಸ ಹೋದ ಬೆನ್ನಿಗೇ ಕ್ಯಾನ್ಸರ್ ಪತ್ತೆಯಾಗಿತ್ತು. ಚಾರ್ಟಿನಲ್ಲಿ ಜೇಮ್ಸ್ ಎಂದಿತ್ತು. "ಅದು ಆಫೀಸಿಗೆ. ಮನೆಯಲ್ಲಿ ಹೇಮಿ," ಎಂದು ಮೊದಲ ದಿನವೇ ತಾಕೀತು ಮಾಡಿದರು. ನೀರು ಕೊಟ್ಟರೆ ನಾವು ಅವರ ಭಾಷೆಯಲ್ಲಿ 'ವಾಯ್' ಎನ್ನಬೇಕು, ಊಟ ತಂದರೆ 'ಕಾಯ್' ಎನ್ನಬೇಕು. ಇಲ್ಲದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಕೊನೆಕೊನೆಗೆ ಕಾಯ್ ಗಂಟಲಲ್ಲಿ ಇಳಿಯಲಿಲ್ಲ, ವಾಯ್ ಮಾತ್ರ. ಮಗಳು ಅರೋಹಾ ಕಾಲೇಜು ಬಿಟ್ಟು ಬಂದು ಪಕ್ಕದಲ್ಲೇ ಕೂತಿದ್ದಳು. ಅರೋಹಾ ಎಂದರೆ ಪ್ರೀತಿಯಂತೆ.

ಹಿಮ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಹೇಮಿ ತೀರಿಕೊಂಡರು. ನಾನು ಮೈಸೂರಿನ ಮುಸ್ಲಿಂ ಮನೆಯವಳು. ನಮ್ಮಲ್ಲಿ ಎಷ್ಟು ಬೇಗ ಮಣ್ಣು ಮಾಡಿದರೆ ಸತ್ತವರಿಗೆ ಅಷ್ಟು ಗೌರವ. ಆ ಅಭ್ಯಾಸದಲ್ಲೇ, "ಇವತ್ತೇ ಎಲ್ಲ ಮುಗಿಸೋಕೆ ಸಹಾಯ ಮಾಡ್ತೀನಮ್ಮ," ಎಂದೆ.

ಅರೋಹಾ ಬೆಚ್ಚಿಬಿದ್ದಳು. "ಬೇಡ! ಅಪ್ಪನ ಅಕ್ಕ, ಮೆರೆ ಅತ್ತೆ, ನಿನ್ನೆಯೇ ಆಕ್ಲೆಂಡ್ ಬಿಟ್ಟಿದ್ದಾರೆ. ಅವರು ಬರೋವರೆಗೂ ಅಪ್ಪನನ್ನ ಒಂಟಿಯಾಗಿ ಬಿಡೋ ಹಾಗಿಲ್ಲ. ನಮ್ಮ ಪದ್ಧತಿಯಲ್ಲಿ ಯಾರಾದ್ರೂ ಪಕ್ಕದಲ್ಲಿ ಕೂತು ಸತ್ತವರ ಜೊತೆ ಮಾತಾಡ್ತಾ ಇರಬೇಕು."

ಆದರೆ ಆ ಹಾಸಿಗೆಗೆ ಮುಂದಿನ ರೋಗಿ ಕಾಯುತ್ತಿದ್ದರು. ಹೇಮಿಯನ್ನು ನೆಲಮಾಳಿಗೆಯ ಶವಾಗಾರಕ್ಕೆ ಇಳಿಸಲೇಬೇಕಾಯಿತು. ಸಿಬ್ಬಂದಿ ಜೊತೆಗಿಲ್ಲದೆ ಮನೆಯವರಿಗೆ ಅಲ್ಲಿ ಪ್ರವೇಶವಿಲ್ಲ. "ಯಾರನ್ನ ಕೂರಿಸಲಿ? ನನ್ನ ಹತ್ರ ಜನ ಎಲ್ಲಿದ್ದಾರೆ?" ಎಂದರು ಸೂಪರ್‌ವೈಸರ್. ನನ್ನ ಪಾಳಿ ಮುಗಿದಿತ್ತು. ನಾನೇ ಹೋದೆ.

ಅಲ್ಲಿಯದು ಮೂಳೆಗಿಳಿಯುವ ಚಳಿ. ಅರೋಹಾ ಗಂಟಲು ಕಟ್ಟುವವರೆಗೂ ತಮ್ಮ ಭಾಷೆಯಲ್ಲಿ ಮಾತಾಡಿದಳು. ಕೊನೆಗೆ, "ಇನ್ನು ಆಗ್ತಿಲ್ಲ. ನೀವು ಮಾತಾಡಿ, ನಿಮ್ಮ ಭಾಷೆಯಲ್ಲೇ," ಎಂದು ಗೋಡೆಗೊರಗಿ ಕಣ್ಣು ಮುಚ್ಚಿದಳು.

ನಾನು ಕನ್ನಡದಲ್ಲೇ ಶುರು ಮಾಡಿದೆ. "ಹೇಮಿ, ಹೊರಗೆ ಹಿಮ ಬೀಳ್ತಿದೆ. ನಿಮ್ಮಕ್ಕ ದಾರೀಲಿದ್ದಾರೆ. ಮಗಳು ಇಲ್ಲೇ ಇದಾಳೆ, ಸ್ವಲ್ಪ ಕಣ್ಣು ಹತ್ತಿದೆ ಅಷ್ಟೆ." ಮಾತು ಖಾಲಿಯಾದಾಗ ಮನೆಯ ಸುದ್ದಿ, ನನ್ನ ಕೆಲಸ ಹೋಗುವ ಭಯ, ಎಲ್ಲವನ್ನೂ ತೋಡಿಕೊಂಡೆ. ಯಾರ ಮುಂದೆಯೂ ಬಾರದ ಅಳು ಅವರ ಮುಂದೆ ಬಂತು.

ಸಂಜೆ ಮೆರೆ ಬಂದರು. ತಮ್ಮನ ತಣ್ಣಗಿನ ಮೂಗಿಗೆ ಮೂಗು, ಹಣೆಗೆ ಹಣೆ ಒತ್ತಿ ಬಹಳ ಹೊತ್ತು ನಿಂತರು. ಆಮೇಲೆ ಕೇಳಿದ್ದು ಒಂದೇ: "ಒಬ್ಬನೇ ಇದ್ದನಾ?"

"ಇಲ್ಲ," ಎಂದಳು ಅರೋಹಾ.

ಉಸಿರು ನಿಂತ ಮಾತ್ರಕ್ಕೆ ನರ್ಸಿನ ಕೆಲಸ ಮುಗಿಯುವುದಿಲ್ಲವೆಂದು ನಾನು ಕಲಿತದ್ದು ಆ ನೆಲಮಾಳಿಗೆಯಲ್ಲಿ. ನಿವೃತ್ತಿಯಾಗುವವರೆಗೂ, ಯಾರೇ ತೀರಿಕೊಂಡರೂ ಮನೆಯಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರೆಂದು ಕೇಳಿಕೊಳ್ಳುತ್ತಿದ್ದೆ. ಹೊಸ ನರ್ಸುಗಳು ಮುಖಮುಖ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳಲಿ. ಆ ಹೆಸರು ಹಿಡಿದು ಕರೆದು, ಕಿವಿಯ ಬಳಿ ಬಾಗಿ ಹೇಳುತ್ತಿದ್ದೆ: "ಈಗ ಕೆಳಗೆ ಹೋಗ್ತಿದ್ದೀವಿ. ನಾನು ಜೊತೆಗಿದ್ದೀನಿ."