ನಾಲ್ಕು ಬಾಗಿಲಿನ ಅರಮನೆ

ಆ ಅರಮನೆ ಕಟ್ಟಿಸಿದ ಚಕ್ರವರ್ತಿಗೆ ಜೀವಭಯ ವಿಪರೀತವಾಗಿತ್ತಂತೆ. ತಾನು ಯಾವ ಬಾಗಿಲಿನಿಂದ ಬರುತ್ತೇನೆ, ಯಾವುದರಿಂದ ಹೋಗುತ್ತೇನೆ ಎಂಬ ಸುಳಿವು ಶತ್ರುಗಳಿಗೆ ಸಿಗಬಾರದೆಂದು ನಾಲ್ಕು ದಿಕ್ಕಿಗೂ ಅಚ್ಚು ಹಾಕಿದಂತೆ ಒಂದೇ ಥರದ ಬಾಗಿಲು ಇಡಿಸಿದ. ಅದೇ ಕಮಾನು, ಅದೇ ನೀಲಿ ಬಣ್ಣ, ಪಕ್ಕದಲ್ಲಿ ಬಾಯಿ ತೆರೆದು ಕೂತ ಅದೇ ಕಲ್ಲಿನ ಸಿಂಹ. ಗೈಡುಗಳು ಈ ಕತೆಯನ್ನು ಬಂದವರಿಗೆಲ್ಲ ಹೇಳಿ, "ಇಷ್ಟೆಲ್ಲ ಮಾಡಿ ಕಡೆಗೆ ಸತ್ತಿದ್ದು ನೆಗಡಿಯಾಗಿ" ಎಂದು ಮುಗಿಸುತ್ತಾರೆ. ಪ್ರವಾಸಿಗಳು ಹೋ ಎಂದು ನಗುತ್ತಾರೆ. ಗುಂಪಿನ ಹಿಂದೆ ಒಬ್ಬ ಮುದುಕ ಮಾತ್ರ ನಗದೆ ನಿಂತಿರುತ್ತಾನೆ. ಆ ಹಾಳು ಚಕ್ರವರ್ತಿ ಭಯಪಟ್ಟಿದ್ದಕ್ಕೆ ದಂಡ ತೆತ್ತವನು ಇವನು.

ಮುದುಕ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವನು. ಡಿಪೋದಲ್ಲಿ ಅವನನ್ನು ಎಲ್ಲರೂ ಹೋಲ್ಡಾನ್ ಎಂದು ಕರೆಯುತ್ತಿದ್ದರು. ಬಸ್ಸು ಹೊರಟ ಮೇಲೆ ಯಾರಾದರೂ ಏದುಸಿರು ಬಿಡುತ್ತ ಓಡಿ ಬರುವುದು ಕಂಡರೆ ಸಾಕು, "ಹೋಲ್ಡಾನ್!" ಎಂದು ಕೂಗಿ ನಿಲ್ಲಿಸಿಬಿಡುತ್ತಿದ್ದ. ಡ್ರೈವರುಗಳಿಗೆ ಮೈಯೆಲ್ಲ ಉರಿ. "ನಿನ್ನ ಜೊತೆ ಹೊರಟರೆ ಈ ಜನ್ಮದಲ್ಲಿ ಟೈಮಿಗೆ ಸೇರಲ್ಲ ಕಣಯ್ಯ" ಎಂದು ಬೈಯುತ್ತಿದ್ದರು. ಅವನು ಟಿಕೆಟ್ ಹರಿಯುತ್ತಲೇ, "ಬಿಟ್ಟು ಬಂದೋರ ಮುಖ ಆಮೇಲೆ ನಿದ್ದೆ ಮಾಡೋಕೆ ಬಿಡಲ್ಲ" ಎನ್ನುತ್ತಿದ್ದ. ಮಾತಿಗೆ ಹೇಳುತ್ತಿದ್ದ, ಅಷ್ಟೇ. ಆಗಿನ್ನೂ ಅವನಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು.

ನೂಕುನುಗ್ಗಲಿನಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆಗುವುದು ಬಸ್ಸಿನಲ್ಲಿ ದಿನಾ ನಡೆಯುವ ಮಾತು. ಅಂಥವರಿಗೆ ಅವನದು ಒಂದೇ ಮದ್ದು: ಹತ್ತಿದ ಬಾಗಿಲಿಗೇ ಬಂದು ನಿಲ್ಲಿ, ನಿಮ್ಮೋರು ಅಲ್ಲಿಗೇ ಬರುತ್ತಾರೆ. ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಹಾಗಾಗಿ ಆರು ವರ್ಷದ ಮಗಳನ್ನು ಮೊದಲ ಸಲ ಅರಮನೆ ನೋಡಲು ಕರೆದುಕೊಂಡು ಹೋದ ದಿನ ಬಾಗಿಲಲ್ಲೇ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ಹೇಳಿದ. "ನೋಡು ಪುಟ್ಟಿ, ಒಳಗೆ ಜನವೋ ಜನ. ಕೈ ತಪ್ಪಿಹೋದರೆ ಅಳಬೇಡ, ಹುಡುಕೋಕೂ ಹೋಗಬೇಡ. ಈ ಸಿಂಹದ ಹತ್ತಿರ ಬಂದು ನಿಂತ್ಕೋ. ನಾನು ಬರೋತನಕ ಕದಲಬೇಡ. ತಿಳೀತಾ?"

"ತಿಳೀತಪ್ಪ" ಎಂದಳು ಮಗಳು. ಹೇಳಿದ ಮಾತನ್ನು ಒಂದಿಷ್ಟೂ ಮೀರದ ಮಗು ಅದು. ನೆಂಟರ ಮುಂದೆಲ್ಲ ಅವನು ಅದನ್ನೇ ಹೇಳಿಕೊಂಡು ಬೀಗುತ್ತಿದ್ದ.

ಕನ್ನಡಿ ಹಜಾರದಲ್ಲಿ ಅವಳ ಕೈ ತಪ್ಪಿತು. ಜೊತೆಗೆ ಬಂದಿದ್ದ ಹೆಂಡತಿ ಕಂಕುಳಿನ ಮಗನನ್ನು ಸಂಭಾಳಿಸುತ್ತಿದ್ದಳು. ಕಂಡಕ್ಟರ್ ಗಾಬರಿಯಾಗಲಿಲ್ಲ. ನೇರವಾಗಿ ತಾವು ಬಂದ ಬಾಗಿಲಿಗೆ ಹೋಗಿ ಸಿಂಹದ ಪಕ್ಕ ನಿಂತ. ಕಾದ. ಕಾವಲಿನವನು ಬಂದು, "ಇನ್ನೂ ಮೂರು ಬಾಗಿಲಿದಾವೆ, ಹೋಗಿ ನೋಡ್ರೀ" ಎಂದ. ಹೆಂಡತಿಯೂ, "ನಾನು ಹೋಗಿ ನೋಡಿಬರ್ತೀನಿ, ನೀವು ಇಲ್ಲೇ ಇರಿ" ಎಂದು ಅಂಗಲಾಚಿದಳು. ಅವನು ಬಿಡಲಿಲ್ಲ. ಮಗು ಎತ್ತಿಕೊಂಡು ಈ ಜನಜಂಗುಳಿಯಲ್ಲಿ ಅವಳೂ ತಪ್ಪಿಸಿಕೊಂಡರೆ ಏನು ಗತಿ? "ಸುಮ್ಮನಿರು. ನಾನು ಹೇಳಿದೀನಿ ಅವಳಿಗೆ. ಇಲ್ಲಿಗೇ ಬರ್ತಾಳೆ. ನನ್ನ ಮಗಳು ಮಾತು ಮೀರೋಳಲ್ಲ" ಎಂದು ಗದರಿದ. ಹೊತ್ತು ಇಳಿಯಿತು. ಮಗು ನೀರಿಗೆ ಬಿದ್ದಿರಬಹುದೆಂದು ಕಾವಲಿನವರು ಒಳಗಿನ ಕೊಳಗಳಿಗೆಲ್ಲ ಬಿದಿರಿನ ಗಳ ಹಾಕಿ ನೋಡಿದರು. ಬಾಗಿಲು ಮುಚ್ಚುವ ಗಂಟೆ ಹೊಡೆದರೂ ಅವನು ಕಾಲು ಕಿತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಎದುರು ದಿಕ್ಕಿನ ಬಾಗಿಲಲ್ಲಿ ಬಲೂನು ಮಾರುವವನು ಪೊಲೀಸರಿಗೆ ಹೇಳಿದ: "ಒಂದು ಹೆಣ್ಣುಮಗು ಸಿಂಹಕ್ಕೆ ಒರಗಿ ನಿಂತಿತ್ತು ಸಾರ್. ಮಧ್ಯಾಹ್ನದಿಂದ ನಿಂತಿತ್ತು. ಯಾಕಮ್ಮಾ ಅಂದರೆ, ನಮ್ಮಪ್ಪ ಇಲ್ಲಿಗೇ ಬರ್ತಾರೆ ಅಂತು. ಆಫೀಸಿಗೆ ಬಿಡ್ತೀನಿ ಬಾ ಅಂದೆ. ಕದಲಬೇಡ ಅಂದಿದಾರೆ ಅಂತು. ನಾನು ಗಾಡಿ ಕಟ್ಟಿಕೊಂಡು ಹೋಗುವಾಗಲೂ ಅಲ್ಲೇ ಇತ್ತು." ಅದರಾಚೆಗೆ ಏನಾಯಿತೆಂದು ಹೇಳುವವರು ಯಾರೂ ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ.

ಮಗಳು ಹಟಮಾರಿಯಾಗಿದ್ದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅತ್ತು ರಂಪ ಮಾಡಿದ್ದರೆ, ಸಿಕ್ಕವರ ಸೆರಗು ಹಿಡಿದು ಓಡಿದ್ದರೆ, ಯಾರಾದರೂ ತಂದು ಒಪ್ಪಿಸುತ್ತಿದ್ದರು. ಅಪ್ಪ ಹೇಳಿದ್ದನ್ನು ಕೇಳಿದ್ದಕ್ಕೇ ಕಳೆದುಹೋದಳು. ಇದನ್ನು ಕಂಡಕ್ಟರ್ ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಹೆಂಡತಿಯಂತೂ ಸಾಯುವ ತನಕ ಆ ದಿನದ ಮಾತೆತ್ತಲಿಲ್ಲ, ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಅನ್ನ ಬಡಿಸಿ ಎದುರಿಗೆ ಕೂರುವಳು, ಅವನು ಅರ್ಧ ತಟ್ಟೆ ಬಿಟ್ಟು ಏಳುವನು.

ಅಂದಿನಿಂದ ವಾರದ ರಜೆ ಬಂತೆಂದರೆ ಅವನು ಟಿಕೆಟ್ ಕೊಂಡು ಅರಮನೆಗೆ ಹೋಗುವನು. ಮೊದಲು ಎದುರು ಬಾಗಿಲಲ್ಲಿ ನಿಲ್ಲುವನು, ಆಮೇಲೆ ಒಳಗೆ ಸುತ್ತುವನು. ಸಿಂಹಾಸನ, ರಾಣಿಯ ಪಲ್ಲಕ್ಕಿ, ಆನೆದಂತದ ತೊಟ್ಟಿಲು ಎಲ್ಲದರ ಮುಂದೆಯೂ ನಿಂತಿದ್ದಾನೆ, ಒಂದನ್ನೂ ನೋಡಿಲ್ಲ. ಅವನು ನೋಡುತ್ತಿದ್ದುದು ಬಂದವರ ಮುಖ. ಮೊದಮೊದಲು ಆರು ವರ್ಷದ ಮಕ್ಕಳನ್ನು ನೋಡುತ್ತಿದ್ದ. ವರ್ಷ ಕಳೆದಂತೆ ಹತ್ತರವರನ್ನು, ಹದಿನಾರರವರನ್ನು. ಮಗಳ ಜೊತೆ ಅವನ ಕಣ್ಣೂ ಬೆಳೆಯಬೇಕಾಯಿತಲ್ಲ! ಆದರೆ ತಲೆ ನರೆತ ಗಂಡಸು ಹರೆಯದ ಹೆಣ್ಣುಮಕ್ಕಳ ಮುಖವನ್ನು ಎವೆಯಿಕ್ಕದೆ ನೋಡಿದರೆ ಲೋಕ ಏನೆಂದುಕೊಳ್ಳುತ್ತದೆ? ಹೊಸದಾಗಿ ಮದುವೆಯಾದವನೊಬ್ಬ ಒಮ್ಮೆ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಬಾರಿಸಿದ. ಕಂಡಕ್ಟರ್ ಅವನ ಮೇಲೆ ಸಿಟ್ಟಾಗಲಿಲ್ಲ. ಏಟು ತಿನ್ನುತ್ತಲೇ, ತನ್ನ ಮಗಳಿಗಿದ್ದಂತೆ ಆ ಹೊಡೆದವನ ಹೆಂಡತಿಗೂ ಎಡಗಿವಿಯ ಕೆಳಗೆ ಮಚ್ಚೆ ಇದೆಯೇ ಎಂದು ನೋಡಿದ. ಇರಲಿಲ್ಲ.

ಹೀಗೆ ಸವೆದುಹೋದ ಬಾಳಿನಲ್ಲಿ ಅವನಿಗೆ ಉಳಿದದ್ದು ಮೊಮ್ಮಗಳು. ಕಂಕುಳಲ್ಲಿದ್ದ ಮಗ ಬೆಳೆದು, ಮದುವೆಯಾಗಿ, ಅವನಿಗೆ ಹುಟ್ಟಿದವಳು. ಐದು ತುಂಬಿತ್ತು. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ, ಹೇಳಿದ ಒಂದು ಮಾತೂ ಕೇಳುತ್ತಿರಲಿಲ್ಲ. ಅವಳ ಆ ಪುಂಡಾಟ ಕಂಡರೆ ತಾತನಿಗೆ ಎಲ್ಲಿಲ್ಲದ ಖುಷಿ. ಅವನ ಹಳೆಯ ತೊಗಲಿನ ಚೀಲ ಕೊರಳಿಗೆ ನೇತುಹಾಕಿಕೊಂಡು, ಮನೆಯ ಕುರ್ಚಿಗಳನ್ನೆಲ್ಲ ಸಾಲಾಗಿ ಇಟ್ಟು, "ಯಾರ್ರೀ ಟಿಕೆಟ್, ಒಳಗೆ ಹೋಗ್ರೀ" ಎಂದು ಗದರುವಳು. ಅವಳ ಬಸ್ಸಿಗೆ ತಾತನೊಬ್ಬನೇ ಪ್ರಯಾಣಿಕ. ದಿನದಲ್ಲಿ ಅವನು ನಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಕೊರತೆ ಇದ್ದದ್ದು ಒಂದೇ. ಹೊರಗೆ ಕರೆದುಕೊಂಡು ಹೋದರೆ ಅವಳ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದನೆಂದರೆ ಮನೆಗೆ ಬರುವಾಗ ಬೆರಳಿನ ಗುರುತು ಮೂಡಿರುತ್ತಿತ್ತು. ಸೊಸೆ ಕೆಟ್ಟವಳಲ್ಲ. ಕಡೆಗೊಂದು ದಿನ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾವನಿಗೆ ಹೇಳಿದಳು. "ಮಾವ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ಇವಳು ಅವಳಲ್ಲ. ಭಾನುವಾರ ಎಲ್ಲರೂ ಅರಮನೆಗೆ ಹೋಗೋಣ. ನಾಲ್ಕು ಜನ ನೋಡೋ ಹಾಗೆ ನೀವೂ ನೋಡಿ. ಇವಳ ಕೈ ಬಿಟ್ಟು ನಡೀರಿ. ಅದು ಆಗಲ್ಲ ಅಂದರೆ ಇನ್ನು ಮೇಲೆ ನಿಮ್ಮ ಜೊತೆ ಇವಳನ್ನ ಒಬ್ಬಳೇ ಬಿಡೋದು ನನ್ನ ಕೈಲಾಗಲ್ಲ."

ಮಗ ನೆಲ ನೋಡುತ್ತ, "ಒಂದು ಸಲ ಪ್ರಯತ್ನ ಮಾಡಪ್ಪಾ" ಎಂದ. ಕಂಕುಳ ಕೂಸಾಗಿದ್ದಾಗಿನಿಂದ, ಕಳೆದುಹೋದ ಅಕ್ಕನ ತಮ್ಮನಾಗಿಯೇ ಆ ಮನೆಯಲ್ಲಿ ಬೆಳೆದವನು ಅವನು. ಅವನು ಕೇಳಿದ್ದು ಇದೊಂದನ್ನೇ.

ಕಂಡಕ್ಟರ್ ಒಪ್ಪಿದ. ಹೋದ. ಕೈಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಹೆಣೆದುಕೊಂಡು ನಡೆದ. ಮೊಮ್ಮಗಳು ತೋಟದಲ್ಲಿ ಓಡಿದಳು, ಕಾರಂಜಿಯ ನೀರು ಎರಚಿದಳು, ಫಿರಂಗಿಯ ಮೇಲೆ ಹತ್ತಿ ಕಾವಲಿನವನಿಂದ ಬೈಸಿಕೊಂಡಳು. ತಾತನ ಜೀವ ಬಾಯಿಗೆ ಬಂದು ಬಂದು ಹೋಗುತ್ತಿತ್ತು, ಆದರೂ ಹೆಣೆದ ಬೆರಳು ಬಿಚ್ಚಲಿಲ್ಲ. ಸೊಸೆ ಅದನ್ನು ನೋಡಿ, "ನೋಡಿದಿರಾ ಮಾವ, ಏನೂ ಆಗಲ್ಲ" ಎಂದು ಮೆಲ್ಲಗೆ ನಕ್ಕಳು. ಅವನಿಗೂ ಹಾಗೇ ಅನ್ನಿಸತೊಡಗಿತು. ಕನ್ನಡಿ ಹಜಾರಕ್ಕೆ ಬರುವಷ್ಟರಲ್ಲಿ ಉಸಿರು ಸಲೀಸಾಗಿ ಆಡುತ್ತಿತ್ತು.

"ತಾತಾ, ಮೇಲೆ ನೋಡು! ಕೊಕ್ಕರೆ!" ಎಂದು ಮೊಮ್ಮಗಳು ಕೂಗಿದಳು. ಅವನು ತಲೆಯೆತ್ತಿದ. ಛಾವಣಿಗೆ ಬರೆದ ಚಿತ್ರದ ತುಂಬ ಬೆಳ್ಳಗಿನ ಕೊಕ್ಕರೆಗಳು ಹಾರುತ್ತಿದ್ದವು. ಒಂದೊಂದರ ಕೊಕ್ಕಿನಲ್ಲೂ ಕೆಂಪು ಹೂವು. ಇಷ್ಟು ವರ್ಷ ಈ ಹಜಾರದಲ್ಲಿ ಅಲೆದವನು ಒಂದು ಸಲವೂ ಮೇಲೆ ನೋಡಿರಲಿಲ್ಲ. ಎಷ್ಟು ಚೆನ್ನಾಗಿದೆಯಲ್ಲ ಎಂದುಕೊಂಡ. ಜನ ಯಾಕೆ ಇದನ್ನು ನೋಡಲು ದೂರದೂರದಿಂದ ಬರುತ್ತಾರೆಂದು ಅವನಿಗೆ ಮೊದಲ ಸಲ ತಿಳಿಯಿತು. ತಲೆ ಇಳಿಸಿದಾಗ ಮೊಮ್ಮಗಳು ಇರಲಿಲ್ಲ.

ಅವಳು ಎಲ್ಲಿಗೂ ಹೋಗಿರಲಿಲ್ಲ. ಎರಡು ಕಂಬದಾಚೆ ಅವಳಮ್ಮ ಅವಳ ಚಪ್ಪಲಿಯ ಪಟ್ಟಿ ಕಟ್ಟುತ್ತಿದ್ದಳು. ಒಂದು ಸಲ ಕೂಗಿದ್ದರೆ ಓಗೊಡುತ್ತಿದ್ದಳು. ಕಂಡಕ್ಟರ್ ಕೂಗಲಿಲ್ಲ, ಹಿಂದೆಮುಂದೆ ನೋಡಲಿಲ್ಲ. ಈ ಸಲ ಯಾವ ಬಾಗಿಲಿಗೆ ಹೋಗಬೇಕೆಂದು ಅವನಿಗೆ ಗೊತ್ತಿತ್ತು. ಜನರನ್ನು ನೂಕಿಕೊಂಡು, ತೋಟ ದಾಟಿಕೊಂಡು, ಎದುರು ದಿಕ್ಕಿನ ಬಾಗಿಲಿಗೆ ಓಡಿದ. ಮುದಿ ಕಾಲಿಗೆ ಎಲ್ಲಿಂದ ಬಲ ಬಂತೋ.

ಸಿಂಹಕ್ಕೆ ಒರಗಿ ಒಂದು ಹೆಣ್ಣುಮಗು ನಿಂತಿತ್ತು. ಹಳದಿ ಫ್ರಾಕು, ಒಂಟಿ. ಅದರ ತಂದೆ ಪಕ್ಕದ ಗಾಡಿಯಲ್ಲಿ ನೀರಿನ ಬಾಟಲಿ ಕೊಳ್ಳುತ್ತಿದ್ದ. ಕಂಡಕ್ಟರ್ ಹೋದವನೇ ಮಗುವಿನ ಮಣಿಕಟ್ಟು ಹಿಡಿದು, "ಬಂದೆ ಕಣಮ್ಮಾ, ಬಂದೆ. ತಡ ಆಯ್ತು. ನಡಿ ಮನೆಗೆ ಹೋಗೋಣ" ಎಂದು ಎಳೆದ.

ಮಗು ಕಿಟ್ಟನೆ ಕಿರುಚಿಕೊಂಡಿತು. ಮಕ್ಕಳ ಕಳ್ಳ ಎಂದು ಯಾರೋ ಕೂಗಿದರು. ಅಷ್ಟು ಸಾಕಾಯಿತು. ಮೊದಲ ಏಟು ಬೆನ್ನಿಗೆ ಬಿತ್ತು, ಆಮೇಲಿನವು ಎಲ್ಲೆಲ್ಲಿ ಬಿದ್ದವೋ ಲೆಕ್ಕವಿಲ್ಲ. ಕನ್ನಡಕ ಹೋಯಿತು, ಅಂಗಿ ಹರಿಯಿತು, ತುಟಿ ಒಡೆಯಿತು. ನೆಲಕ್ಕೆ ಬಿದ್ದರೂ ಅವನು ಮಗುವಿನ ಕೈ ಬಿಡಲೊಲ್ಲ. "ಇಲ್ಲೇ ನಿಂತಿದಾಳೆ, ಕದಲಿಲ್ಲ ನೋಡಿ, ನನ್ನ ಮಗಳು ಕದಲಿಲ್ಲ" ಎಂದು ಹೊಡೆಯುವವರಿಗೇ ಹೇಳುತ್ತಿದ್ದ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಗದ್ದಲ ಕೇಳಿ ಮಗ, ಸೊಸೆ ಓಡಿ ಬಂದರು. ಮಗ ಗುಂಪನ್ನು ಸೀಳಿಕೊಂಡು ಬಂದು ಅಡ್ಡ ನಿಂತ. "ಹೊಡೀಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ, ಇವರು ನಮ್ಮಪ್ಪ" ಎಂದ. ಹಳದಿ ಫ್ರಾಕಿನ ಮಗು ತಂದೆಯ ಹೆಗಲ ಮೇಲೆ ಬಿಕ್ಕುತ್ತಿತ್ತು, ಮಣಿಕಟ್ಟು ಕೆಂಪಗೆ ಊದಿತ್ತು. ಕಂಡಕ್ಟರ್ ನೆಲದ ಮೇಲೆ ಕೂತು ಮಂಜುಮಂಜಾದ ಕಣ್ಣಲ್ಲಿ ಸುತ್ತ ನೋಡಿದ. ಸೊಸೆಯ ಸೊಂಟದ ಮೇಲಿದ್ದ ಮೊಮ್ಮಗಳು ಕಂಡಳು. ಎಲ್ಲೂ ಹೋಗಿಲ್ಲ, ಇದ್ದಾಳೆ! ಎಂಥ ಕೆಲಸ ಮಾಡಿದೆ ಎಂದು ಅವನಿಗೆ ಅರಿವಾದದ್ದು ಆಗ. ಏಳಲಾರದೆ ಕೂತಲ್ಲಿಂದಲೇ ಅವಳತ್ತ ಕೈ ಚಾಚಿದ.

ಕಾವಲಿನವನು ಹೊಸಬ, ಯಾರನ್ನೂ ನಂಬುವವನಲ್ಲ. ಮಗನ ಮಾತು ಅವನಿಗೆ ಸಾಲಲಿಲ್ಲ. ಮೊಮ್ಮಗಳ ಹತ್ತಿರ ಬಗ್ಗಿ, "ಹೆದರಬೇಡ ಮರಿ. ಇವರು ನಿಮ್ಮ ತಾತನಾ?" ಎಂದು ಕೇಳಿದ.

ಅವಳು ಚಾಚಿದ ಕೈಯನ್ನೇ ನೋಡಿದಳು. ತನ್ನ ಎರಡು ಕೈಗಳನ್ನೂ ಅಮ್ಮನ ಸೆರಗಿನೊಳಗೆ ಬಚ್ಚಿಟ್ಟುಕೊಂಡು, "ಅಲ್ಲ" ಎಂದಳು.

ಸೊಸೆ ಅವಳನ್ನು ತಿದ್ದಲಿಲ್ಲ.