ಅವ್ವನ ಸಂಕಷ್ಟಿ, ನನ್ನ ಸಂಶೋಧನೆ

ಹಸಿವು ಹೊಟ್ಟೆಯಲ್ಲಿ ಹುಟ್ಟುತ್ತದೆಂದು ಎಲ್ಲರೂ ನಂಬಿರುತ್ತಾರೆ. ಅದರ ಗಡಿಯಾರ ಮೆದುಳಿನಲ್ಲಿದೆ ಎಂದು ತೋರಿಸಿಕೊಡುವ ಹುಮ್ಮಸ್ಸು ನನಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಔರಂಗಾಬಾದಿನ ಒಂದು ಪ್ರಯೋಗಾಲಯದಲ್ಲಿ ನಿದ್ದೆ ಮತ್ತು ಹಸಿವಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಹಗಲೆಲ್ಲ ಮಲಗಿ ರಾತ್ರಿ ತಿನ್ನುವ ಇಲಿಗಳ ಸಹವಾಸ ಸಾಕಾಗಿ ಮನುಷ್ಯರ ಕಡೆಗೆ ತಿರುಗಿದೆ. ಊಟ ತಪ್ಪಿದ ದಿನ ಹಸಿವು ಏರುತ್ತಲೇ ಹೋಗುತ್ತದೆಯೇ, ಇಲ್ಲ ಊಟದ ಹೊತ್ತಿಗೆ ಎದ್ದು ತಾನಾಗಿಯೇ ಅಡಗುತ್ತದೆಯೇ? ಅಂದು ನಿದ್ದೆ ಯಾವಾಗ ಬರುತ್ತದೆ? ಇದನ್ನು ತಿಳಿಯಲು ಸಂಕಷ್ಟಿ ಚತುರ್ಥಿಗಿಂತ ಒಳ್ಳೆಯ ದಿನ ಎಲ್ಲಿ ಸಿಗಬೇಕು? ಚಂದ್ರ ಕಾಣುವವರೆಗೆ ಉಪವಾಸ, ಆಮೇಲೆ ಊಟ, ತಿಂಗಳಿಗೊಮ್ಮೆ ತಪ್ಪದೆ.

ಆದರೆ ನಮ್ಮ ಓಣಿಯ ಬಹಳಷ್ಟು ಹೆಂಗಸರ ಉಪವಾಸವೆಂದರೆ ಸಾಬೂದಾಣಿ ಖಿಚಡಿ, ಶೇಂಗಾ, ಬಾಳೆಹಣ್ಣು, ಮತ್ತೆ ಖಿಚಡಿ. ನನ್ನ ದಿನದ ಊಟಕ್ಕಿಂತ ಅದೇ ಜಾಸ್ತಿ. ನೀರು ಬಿಟ್ಟು ಬೇರೇನೂ ಮುಟ್ಟದವರು ಹುಡುಕಿದರೂ ನಾಲ್ಕಾರು ಮಂದಿ ಮಾತ್ರ ಸಿಕ್ಕರು. ಆಗ ಅವ್ವನ ನೆನಪಾಯಿತು. ಅಪ್ಪನಿಗೆ ಧಾರವಾಡದಿಂದ ನಾಸಿಕಕ್ಕೆ ಬ್ಯಾಂಕಿನ ವರ್ಗವಾಗಿ ಇಬ್ಬರೂ ಅಲ್ಲಿದ್ದರು. ಅವ್ವನ ಸಂಕಷ್ಟಿ ಬಲು ಕಟ್ಟುನಿಟ್ಟು.

"ತಾಸಿಗೊಮ್ಮೆ ಜ್ವರದ ಕಡ್ಡಿ ಬಾಯಾಗ ಇಟ್ಕೊಂಡು ಬರೀಬೇಕು, ಹಸಿವಿ ಎಷ್ಟು ಅಂತನೂ ಬರೀಬೇಕು. ಮಾಡ್ತೀ ಏನವ್ವಾ?" ಎಂದು ಹಬ್ಬಕ್ಕೆ ಹೋದಾಗ ಕೇಳಿದೆ.

"ಯಾಕ ಮಾಡೂದಿಲ್ಲ? ನಿನ್ನ ಓದಿಗೆ ನನ್ನಿಂದ ಏನು ಉಪಯೋಗ ಅಂತಿದ್ದೆ. ಉಪವಾಸ ಮಾಡೂದರ ನನಗ ಬರ್ತದಲ್ಲ!" ಎಂದು ನಕ್ಕಳು.

ಬೇರೆಯವರನ್ನೆಲ್ಲ ಮೊದಲೇ ಕೇಳುತ್ತಿದ್ದೆ: ಕಾಯಿಲೆ ಇದೆಯೇ, ಗುಳಿಗೆ ಏನಾದರೂ ತೆಗೆದುಕೊಳ್ಳುತ್ತೀರಾ? ಅವ್ವನನ್ನು ಕೇಳಲಿಲ್ಲ. ಹೆತ್ತವಳ ಬಗ್ಗೆ ನನಗೆ ಗೊತ್ತಿಲ್ಲದ್ದೇನಿದೆ ಎಂದು ನಾನೇ ‘ಇಲ್ಲ’ ಎಂದು ಬರೆದುಕೊಂಡೆ. ಹಬ್ಬಕ್ಕಷ್ಟೇ ಮನೆಗೆ ಹೋಗುವ ಮಗಳ ಧಿಮಾಕು ಅದು.

ಹಸಿವಿನ ವಿಷಯದಲ್ಲಿ ನನ್ನ ಊಹೆ ಸರಿಯಿತ್ತು. ಎಲ್ಲರಿಗೂ ಏರಿ ಇಳಿಯುತ್ತಿತ್ತು. ಅವ್ವ ಬರೆದು ಕಳಿಸುತ್ತಿದ್ದ ಅಂಕಿಗಳಲ್ಲಿ ಇನ್ನೊಂದು ಕಂಡಿತು: ಮಧ್ಯಾಹ್ನ ಕಳೆಯುತ್ತಲೇ ಮೈಯ ಶಾಖ ಸರ್ರನೆ ಇಳಿಯುತ್ತಿತ್ತು. ಬೇರೆ ಯಾರಲ್ಲೂ ಹಾಗಾಗುತ್ತಿರಲಿಲ್ಲ. ಮೆದುಳು ಉಪವಾಸವನ್ನು ಅರಿತು ಒಲೆ ಸಣ್ಣ ಮಾಡಿಕೊಳ್ಳುತ್ತಿದೆ ಎಂದು ನನ್ನ ಮಾರ್ಗದರ್ಶಕರ ಮುಂದೆ ಉಬ್ಬಿಕೊಂಡು ಹೇಳಿದೆ. ಅವರು ಖುಷಿಯಾಗಿ ಚಹಾ ತರಿಸಿದರು.

ಆ ಇಳಿತವನ್ನು ಕಣ್ಣಾರೆ ನೋಡಲೆಂದೇ ಮುಂದಿನ ಸಂಕಷ್ಟಿಗೆ ಎಸ್ಟಿ ಬಸ್ ಹತ್ತಿ ನಾಸಿಕಕ್ಕೆ ಹೋದೆ. ಅವತ್ತು ಭಾನುವಾರ. ಊಟದ ಹೊತ್ತು ಕಳೆದ ಮೇಲೆ ಅವ್ವ ಸಂಜೆಯ ನೈವೇದ್ಯಕ್ಕೆ ಪಕ್ಕದೂರು ದಿಂಡೋರಿಯ ದ್ರಾಕ್ಷಿ ತೊಳೆಯುತ್ತಿದ್ದಳು. ಕೈ ನಡುಗಿ ಬೋಗುಣಿ ಬಿತ್ತು, ಅವಳೂ ಅಲ್ಲೇ ಕುಸಿದಳು. ಹಣೆ, ಕುತ್ತಿಗೆ ಬೆವರಿನಿಂದ ತೊಯ್ದಿದ್ದವು. ಮುಟ್ಟಿದರೆ ಮೈ ತಣ್ಣಗಿತ್ತು. ನಾನು ಕಂಡುಹಿಡಿದ ಇಳಿತ ಇದೇ ಆಗಿತ್ತು.

ಅಪ್ಪ ಸಕ್ಕರೆ ನೀರು ಕುಡಿಸಿ, ನನ್ನ ಮೇಲೆ ಹರಿಹಾಯ್ದರು.

"ಸಕ್ಕರಿ ಕಾಯಿಲೆ ಗುಳಿಗಿ ನುಂಗಿ ಉಪವಾಸ ಮಾಡಬಾರದು ಅಂತ ಡಾಕ್ಟರು ಹೇಳಿದ ಮ್ಯಾಲ ಸಂಕಷ್ಟಿ ಬಿಟ್ಟಿದ್ಲು. ನೀ ಕೇಳ್ದಿ ಅಂತ ಮತ್ತ ಹಿಡದಾಳ. ನಿನಗ ಹೇಳ್ಯಾಳ ಅಂತ ನಾ ತಿಳ್ಕೊಂಡಿದ್ದೆ."

ಖಾಲಿ ಹೊಟ್ಟೆಯಲ್ಲಿ ಆ ಗುಳಿಗೆಯೇ ರಕ್ತದ ಸಕ್ಕರೆ ಇಳಿಸಿ ಮೈ ತಣ್ಣಗಾಗಿಸುತ್ತಿತ್ತು, ಮೆದುಳಿನ ಜಾಣತನವಲ್ಲ. ಅವ್ವನ ತಣ್ಣನೆಯ ಕೈ ನನ್ನ ಕೈಯಲ್ಲಿತ್ತು. ಆಗ ನನ್ನ ತಲೆಯಲ್ಲಿ ಮೊದಲು ಬಂದ ಮಾತನ್ನು ಇಲ್ಲಿ ಬರೆಯಲೂ ನಾಚಿಕೆಯಾಗುತ್ತದೆ: ಇವಳ ಅಂಕಿಗಳೆಲ್ಲ ಹೋದವಲ್ಲ! ಮರುಕ್ಷಣವೇ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಸಂಜೆ ಅನ್ನ ಸಾರು ಉಂಡು ಅವ್ವ ಚೇತರಿಸಿಕೊಂಡಳು. ಯಾಕೆ ಹೇಳಲಿಲ್ಲವೆಂದು ಕೇಳಿದೆ. "ಹೇಳಿದ್ರ ನೀ ನನ್ನ ಇದರಾಗಿಂದ ಬಿಡ್ತಿದ್ದಿ," ಎಂದಳು. ಆಮೇಲೆ, "ಈಗ ನಾ ಬರದದ್ದು ಏನಾಗ್ತದ?"

ಸುಳ್ಳು ಹೇಳಬಹುದಿತ್ತು. ಆದರೆ ಬಾಯಿಗೆ ಬರಲಿಲ್ಲ.

"ತೆಗೀಬೇಕಾಗ್ತದವ್ವಾ. ಗುಳಿಗಿ ತೊಗೊಳ್ಳವರದು ಇದರಾಗ ನಡಿಯೂದಿಲ್ಲ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವಳು ಅಪ್ಪ ಹೊರಗಿದ್ದಾರೆಂದು ಖಾತ್ರಿ ಮಾಡಿಕೊಂಡು, ನನ್ನ ಹತ್ತಿರಕ್ಕೆ ಸರಿದಳು.

"ಹಂಗಾರ ಮುಂದಿನ ಸಂಕಷ್ಟಿಗೆ ಗುಳಿಗಿ ಬಿಟ್ಟು ಮಾಡ್ತೀನಿ. ಆಗ ನಡೀತದಲ್ಲ?"